ಮೊಣಕಾಲ ದಿಂಬಿನ ಅಡಿಯ ಬೊಂಬೆ

“ಮುಟ್ಟಬೇಡಿ ಅಯ್ಯನವರೇ. ಕೈ ಹಿಂದಕ್ಕೆ ತಗೊಳ್ಳಿ.”

ಇನ್‌ಸ್ಪೆಕ್ಟರಳ ಮಾತಿಗೆ ಪಾದ್ರಿ ಕೈ ಹಿಂದಕ್ಕೆ ತೆಗೆದುಕೊಂಡರು. ಎದ್ದೇಳಲಿಲ್ಲ. ಪ್ರಸಂಗಪೀಠದ ಪಕ್ಕ, ದಿನಾ ಪ್ರಾರ್ಥನೆಗೆ ಕೂರುವ ಜಾಗದಲ್ಲೇ, ಬರಿಯ ಕಲ್ಲುಹಾಸಿನ ಮೇಲೆ ಮೊಣಕಾಲೂರಿ ಕೂತಿದ್ದರು. ಕೆಂಪು ದಿಂಬು ಮಗುಚಿಕೊಂಡು ಬದಿಗೆ ಬಿದ್ದಿತ್ತು. ಅದರ ಅಡಿಯಲ್ಲಿ ಇಷ್ಟು ಹೊತ್ತು ಅವಿತಿದ್ದ ಬೊಂಬೆ ಈಗ ಕಿಟಕಿಯ ಬೆಳಕಿನಲ್ಲಿ ಅಂಗಾತ ಮಲಗಿತ್ತು.

ಬೆರಳುದ್ದದ ಬಟ್ಟೆಯ ಬೊಂಬೆ. ಕಣ್ಣು ಮೂಗು ಇರಲಿಲ್ಲ. ಕುತ್ತಿಗೆಗೆ ಪಾದ್ರಿಗಳು ಹಾಕುವಂಥ ಬಿಳಿ ಪಟ್ಟಿ, ತಲೆಯ ಮೇಲೆ ಒಂದು ಎಸಳು ಕೂದಲು, ಎದೆಯಲ್ಲಿ ಒಂದು ಸೂಜಿ.

ಇದು ಮೂರನೆಯದು. ಮೊದಲನೆಯದು ಇಲ್ಲೇ ಗಂಟೆ ಹೊಡೆಯುವವನ ಮೊಣಕಾಲ ದಿಂಬಿನಡಿ ಸಿಕ್ಕಿತ್ತು, ಎರಡನೆಯದು ಮೇಷ್ಟ್ರ ಸೊಸೆಯ ದಿಂಬಿನಡಿ. ಅವರಿಬ್ಬರೂ ಈಗ ಚರ್ಚಿನ ಹಿಂದಿನ ಮಣ್ಣಿನಲ್ಲಿದ್ದರು, ಊರಿನ ಬೆರಳೆಲ್ಲ ಚರ್ಚಿನ ಬಟ್ಟೆ ಹೊಲಿಯುವ ಮುದುಕಿ ಹೊಲಿಗೆಯತ್ತೆಯ ಕಡೆಗಿತ್ತು.

ಇನ್‌ಸ್ಪೆಕ್ಟರ್ ಜೇಬಿನಿಂದ ಚಿಮಟ ತೆಗೆದಳು. ನಲವತ್ತರ ಹೆಂಗಸು, ಇಪ್ಪತ್ತು ವರ್ಷ ಕೆಲಸ ಮಾಡಿದವಳು. ಚಿಕ್ಕಂದಿನಲ್ಲಿ ಇದೇ ಚರ್ಚಿನ ಮೂರನೇ ಬೆಂಚಿನಲ್ಲಿ ಕೂತು ಕಾಲು ಆಡಿಸುತ್ತಿದ್ದವಳು ಅವಳು. ಕೆಲಸಕ್ಕೆ ಸೇರಿದ ಮೇಲೆ ಬರುವುದನ್ನು ಬಿಟ್ಟಿದ್ದಳು. ಈಗ ನೋಡಿದರೆ ಯಾವ ಬೆಂಚಿನ ಮುಂದೆಯೂ ದಿಂಬು ನೆಟ್ಟಗಿರಲಿಲ್ಲ. ಜನ ಬಂದವರೇ ಮೊದಲು ಅವನ್ನು ತಿರುಗಿಸಿ ಅಡಿ ನೋಡುತ್ತಿದ್ದರು. ಕೆಲವರು ಕಾಲಿನಿಂದಲೇ ಒದ್ದು ದೂರ ಸರಿಸಿದ್ದರು. ಭಾನುವಾರದ ಆರಾಧನೆ ಮುಗಿದು ಎರಡು ತಾಸಾಗಿತ್ತು. ಖಾಲಿ ಚರ್ಚಿನಲ್ಲಿ ಬಣ್ಣ ಹೋದ ಆ ದಿಂಬುಗಳು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದ ಯಾವುದೋ ಪ್ರಾಣಿಗಳ ಹಾಗೆ ಕಾಣುತ್ತಿದ್ದವು.

“ಆರಾಧನೆ ಹೊತ್ತಲ್ಲಿ ಇದರ ಮೇಲೇ ಮೊಣಕಾಲೂರಿದ್ರಾ?”

“ಊರಿದ್ದೆ. ಮೂರು ಸಲ.” ಪಾದ್ರಿಯ ದನಿ ಒಣಗಿತ್ತು. “ಮೂರನೇ ಸಲ ಏನೋ ಚುಚ್ಚಿದ ಹಾಗಾಯ್ತು. ಎಲ್ಲರೂ ಹೋಗೋ ತನಕ ಕಾದು ಮಗುಚಿ ನೋಡಿದೆ.”

ಅವಳು ಬೊಂಬೆಯನ್ನು ಎತ್ತಿ ಬಿಳಿ ಕಾಗದದ ಮೇಲಿಟ್ಟಳು. ಹೊಲಿಗೆ ಎಷ್ಟು ಸಣ್ಣದಿತ್ತೆಂದರೆ ಕಣ್ಣಿಗೆ ಹತ್ತಿರ ಹಿಡಿದರೂ ಎಣಿಸಲಾಗುತ್ತಿರಲಿಲ್ಲ. ಆಮೇಲೆ ಅವಳ ಕಣ್ಣು ಕೂದಲಿನ ಮೇಲೆ ನಿಂತಿತು. ಬೊಂಬೆಯ ತಲೆ ನೋಡಿದಳು, ಪಾದ್ರಿಯ ತಲೆ ನೋಡಿದಳು.

ಪಾದ್ರಿಗೆ ಐವತ್ತೆರಡು. ಆದರೆ ತಲೆಯಲ್ಲಿ ಒಂದೇ ಒಂದು ಕರಿ ಕೂದಲಿರಲಿಲ್ಲ. ಬೊಂಬೆಯ ಕೂದಲು ಕಾಡಿಗೆಯಷ್ಟು ಕಪ್ಪು.

“ಇದು ನಿಮ್ಮ ಕೂದಲಲ್ಲ.”

ಪಾದ್ರಿ ಕೂದಲಿನ ಬುಡಕ್ಕೆ ಸುತ್ತಿದ್ದ ನೀಲಿ ದಾರವನ್ನೇ ನೋಡುತ್ತಿದ್ದರು. ಆ ದಾರದ ಬಣ್ಣ ಮಾಸಿ ಬೂದಿಯಂತಾಗಿತ್ತು. ಅವರ ಮುಖದಲ್ಲಿದ್ದದ್ದು ಹೆದರಿಕೆ ಅನ್ನಿಸಲಿಲ್ಲ ಅವಳಿಗೆ. ಯಾರನ್ನೋ ಕಳಿಸಿಕೊಟ್ಟು ಬಾಗಿಲು ಹಾಕಿಕೊಂಡ ಮೇಲೆ ಅವರೇ ಒಳಗಿನ ಕೋಣೆಯಿಂದ ಎದ್ದು ಬಂದರೆ ಹೇಗೆ ನೋಡುತ್ತೇವೋ, ಹಾಗೆ ನೋಡುತ್ತಿದ್ದರು.

“ನಂದೇ,” ಎಂದರು ಕೊನೆಗೆ. “ಆರು ವರ್ಷದ ಹಿಂದಿನದು. ಅವಳು ತೀರಿಕೊಂಡ ತಿಂಗಳಲ್ಲೇ ನನ್ನ ತಲೆ ಬೆಳ್ಳಗಾಯ್ತು. ಇದು ಅದಕ್ಕಿಂತ ಮುಂಚಿನದು.”

“ನಿಮ್ಮ ಹೆಂಡತಿ ತೆಗೆದಿಟ್ಟಿದ್ರಾ?”

“ಮೂರು ಗಂಟೆಗೆ ಹಿರಿಯರೆಲ್ಲ ಸೇರ್ತಾರಲ್ಲ, ಅಲ್ಲೇ ಹೇಳ್ತೀನಿ.” ಪಾದ್ರಿ ಬೆಂಚು ಹಿಡಿದು ಎದ್ದರು. “ಇದನ್ನ ಎರಡು ಸಲ ಹೇಳೋ ಶಕ್ತಿ ನನಗಿಲ್ಲ ಕಣಮ್ಮ.”

* * *

ಪ್ರಸಂಗಪೀಠದ ಹಿಂದೆ ಸಣ್ಣದೊಂದು ಕೋಣೆ. ಪಾದ್ರಿಯ ನಿಲುವಂಗಿ, ಹಳೆಯ ಹಾಡಿನ ಪುಸ್ತಕಗಳು, ಸವೆದ ಎರಡು ಕುರ್ಚಿ ಇಡುವ ಜಾಗ. ನಿನ್ನೆಯಿಂದ ಅಲ್ಲಿ ಹೊಲಿಗೆಯತ್ತೆಯೂ ಇದ್ದಳು.

ಎಪ್ಪತ್ತು ದಾಟಿದ ಮುದುಕಿ. ಹಿಂದೆ ಮುಂದೆ ಯಾರಿಲ್ಲ. ಪ್ರಭುವಿನ ಮೇಜಿನ ಬಟ್ಟೆ ಹೊಲಿಯುವುದು ಅವಳೇ, ಸತ್ತವರಿಗೆ ಹೊದಿಸುವ ಬಟ್ಟೆ ಹೊಲಿಯುವುದೂ ಅವಳೇ. ಊರಿನ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಅತ್ತೆ ಎನ್ನುತ್ತಿದ್ದವರು, ಎರಡನೇ ಬೊಂಬೆ ಸಿಕ್ಕಿದ ದಿನದಿಂದ ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ನಿನ್ನೆ ಮಧ್ಯಾಹ್ನ ಯಾರೋ ಅವಳ ಕಿಟಕಿಗೆ ಕಲ್ಲು ಹೊಡೆದರು. ಎರಡನೇ ಕಲ್ಲು ಬೀಳುವ ಮೊದಲು ಪಾದ್ರಿ ಓಡಿ ಹೋಗಿ ಅವಳನ್ನು ಕೈಹಿಡಿದು ಇಲ್ಲಿಗೆ ಕರೆತಂದಿದ್ದರು.

“ಇನ್ನೊಂದು ಸಿಕ್ತಂತೆ?” ಕಾಲಿನ ಸದ್ದು ಕೇಳಿಯೇ ಮುದುಕಿ ಕೇಳಿದಳು.

“ಸಿಕ್ತು ಅತ್ತೆ.”

“ಯಾರದು?”

“ಅಯ್ಯನವರದು.”

ಮುದುಕಿಯ ಕೈ ಎದೆಗೆ ಹೋಯಿತು. ತುಟಿ ಅಲುಗಿತು, ಪ್ರಾರ್ಥನೆ ಇರಬೇಕು. ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಎದುರು ಕೂತಳು. ಕಿಟಕಿಯ ಹತ್ತಿರ ಮುದುಕಿಯ ಎರಡೂ ಕಣ್ಣಿನ ಮೇಲೆ ಹಾಲು ತೆಳ್ಳಗೆ ಚೆಲ್ಲಿದಂತಹ ಪೊರೆ ಕಾಣುತ್ತಿತ್ತು.

“ಅತ್ತೆ, ನನ್ನ ತೋಳಿನ ಗುಂಡಿ ಕಿತ್ತು ಬಂದಿದೆ. ಒಂದು ಹೊಲಿಗೆ ಹಾಕಿ ಕೊಡ್ತೀರಾ?”

ಮುದುಕಿ ನಕ್ಕಳು. “ಪರೀಕ್ಷೆ ಮಾಡ್ತಿದೀಯಾ? ಮಾಡು ಮಗಳೇ.” ಮಡಿಲಿನ ಚೀಲದಿಂದ ದಾರ ಸೇರಿಸಿಟ್ಟಿದ್ದ ಸೂಜಿಯೊಂದನ್ನು ತೆಗೆದು, ಗುಂಡಿಯನ್ನು ಬೆರಳಿನಿಂದ ತಡವಿ ತಡವಿ ಹೊಲಿದಳು. ಗುಂಡಿ ಗಟ್ಟಿಯಾಗಿ ಕೂತಿತು. ಆದರೆ ದಾರ ಜೇಡರ ಬಲೆಯ ಹಾಗೆ ಅಡ್ಡಾದಿಡ್ಡಿ ಹಾಯ್ದಿತ್ತು.

“ಸೂಜಿಗೆ ದಾರ ಯಾರು ಪೋಣಿಸಿದ್ದು?”

“ನಿನ್ನ ಅಮ್ಮನೇ. ವಾರಕ್ಕೊಂದು ಸಲ ಬಂದು ಹತ್ತು ಸೂಜಿಗೆ ಒಟ್ಟಿಗೆ ಹಾಕಿಟ್ಟು ಹೋಗ್ತಾಳೆ. ಅವಳಿಲ್ಲದಿದ್ರೆ ನನ್ನ ಕೆಲಸ ನಿಂತು ಎಷ್ಟೋ ಕಾಲ ಆಗಿರ್ತಿತ್ತು.” ಮುದುಕಿ ದಾರ ಕಡಿದಳು. “ನೋಡು, ನನಗೆ ಮಾಟ ಬರೋ ಹಾಗಿದ್ರೆ ಮೊದಲು ನನ್ನ ಮಂಡಿನೋವಿಗೆ ಮಾಡಿಸ್ಕೋತಿದ್ದೆ. ಆಮೇಲೆ ಬೇರೆಯವರ ಸುದ್ದಿ.”

ಇನ್‌ಸ್ಪೆಕ್ಟರಿಗೂ ನಗು ಬಂತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಂದು ಕೈಯಲ್ಲಿ ಹಾಲಿನ ಫ್ಲಾಸ್ಕು, ಇನ್ನೊಂದರಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಅವಳ ಅಮ್ಮ ಒಳಗೆ ಬಂದರು.

ಚರ್ಚಿನವರಿಗೆ ಅವರು ದೊಡ್ಡಮ್ಮ. ಏಳು ಜನ ಹಿರಿಯರಲ್ಲಿ ಹೆಂಗಸು ಅಂತ ಇದ್ದದ್ದು ಅವರೊಬ್ಬರೇ. ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಜಗಳ, ಯಾರ ಮಗಳಿಗೆ ಗಂಡು ಗೊತ್ತಾಗಿದೆ, ಎಲ್ಲವೂ ಮೊದಲು ಮುಟ್ಟುತ್ತಿದ್ದದ್ದು ಅವರ ಕಿವಿಗೆ.

“ನೀನು ಏನಾದ್ರೂ ತಿಂದ್ಯಾ?” ಮಗಳನ್ನು ಕೇಳಿದರು.

“ಆಮೇಲೆ ತಿಂತೀನಮ್ಮ.”

“ಆಮೇಲೆ ಆಮೇಲೆ ಅಂತಾನೇ ಹೊಟ್ಟೆ ಹಾಳು ಮಾಡ್ಕೊಂಡಿದೀಯ.” ಬ್ರೆಡ್ಡು ಮುರಿದು ಹಾಲಿಗೆ ಅದ್ದಿ ಮುದುಕಿಯ ಕೈಗಿಟ್ಟರು. “ತಿನ್ನು. ಹೆದರಬೇಡ. ನಾನಿದೀನಲ್ಲ.”

ಮುದುಕಿ ಅವರ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

* * *

ಮೂರು ಗಂಟೆಗೆ ಏಳೂ ಜನ ಹಿರಿಯರು ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಬಾಗಿಲಾಚೆ ಅಂಗಳದಲ್ಲಿ ನೂರಿನ್ನೂರು ಜನ. ಗಲಾಟೆ ಇರಲಿಲ್ಲ. ಅದೇ ಇನ್‌ಸ್ಪೆಕ್ಟರಿಗೆ ಸರಿಬರಲಿಲ್ಲ. ಕೂಗುವ ಗುಂಪನ್ನು ಅವಳು ಬಲ್ಲಳು. ಇವರು ಕೂಗುತ್ತಿರಲಿಲ್ಲ, ಕಾಯುತ್ತಿದ್ದರು. ಅವಳು ಇಬ್ಬರು ಪೇದೆಗಳನ್ನು ಬಾಗಿಲಲ್ಲಿ ನಿಲ್ಲಿಸಿದ್ದಳು. ಹೊಲಿಗೆಯತ್ತೆ ಗೋಡೆಯ ಬದಿಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು.

ಮೇಷ್ಟ್ರು ಎದ್ದು ನಿಂತರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಆಳು ಇನ್ನೂ ಕರಿಹಲಗೆಯ ಮುಂದೆ ನಿಂತಷ್ಟೇ ನೆಟ್ಟಗೆ. ಕಣ್ಣು ಮಾತ್ರ ಒಳಗೆ ಹೋಗಿತ್ತು.

“ನನ್ನ ಮನೇಲಿ ಏಳು ವಾರದ ಕೂಸಿದೆ,” ಎಂದರು. “ತಾಯಿ ಇಲ್ಲ. ಅದು ಅಳೋವಾಗೆಲ್ಲ ಬಾಗಿಲ ಕಡೆ ತಿರುಗಿ ಅಳುತ್ತೆ. ಅಲ್ಲಿ ಯಾರೋ ನಿಂತಿದ್ದಾರೆ ಅನ್ನೋ ಹಾಗೆ. ಇದಕ್ಕಿಂತ ಹೆಚ್ಚಿಗೆ ನಾನೇನೂ ಹೇಳಲ್ಲ. ಅಯ್ಯನವರೇ, ಸತ್ಯವೇದ ತೆಗೀರಿ. ಮಾಟಗಾತಿಯನ್ನ ಏನು ಮಾಡಬೇಕು ಅಂತ ಬರೆದಿದೆಯೋ ಅದನ್ನ ಜೋರಾಗಿ ಓದಿ.”

ಪಾದ್ರಿ ಪುಸ್ತಕ ತೆರೆದರು. ಹುಡುಕಬೇಕಾಗಲಿಲ್ಲ; ಪುಟ ಮೊದಲೇ ಗುರುತು ಮಾಡಿಟ್ಟಿದ್ದರು. ಮಾಟಗಾತಿಯನ್ನು ಬದುಕಗೊಡಬಾರದು ಎಂಬ ಆ ಮಾತನ್ನು ಒಂದಕ್ಷರ ನುಂಗದೆ, ಒಂದಕ್ಷರ ಮೆತ್ತಗೆ ಮಾಡದೆ ಓದಿದರು. ಮುದುಕಿಯ ತಲೆ ಇನ್ನಷ್ಟು ಬಗ್ಗಿತು.

“ಬರೆದಿದೆ ಮೇಷ್ಟ್ರೇ. ಇದನ್ನ ಅಳಿಸೋಕೆ ಬಂದವನಲ್ಲ ನಾನು. ಮಾಟ ಅಂದ್ರೆ ಬರೀ ಮೂಢನಂಬಿಕೆ, ನಕ್ಕು ಬಿಡಿ ಅಂತಾನೂ ಹೇಳಲ್ಲ. ದೇವರನ್ನ ಬಿಟ್ಟು ಇನ್ನೊಂದರ ಕೈ ಹಿಡಿಯೋದು ಪಾಪ. ಅಂದೂ ಪಾಪ, ಇಂದೂ ಪಾಪ.”

“ಮತ್ತೆ ತಡ ಯಾಕೆ?”

“ಅದೇ ನ್ಯಾಯಪ್ರಮಾಣದಲ್ಲೇ, ಅದೇ ಕಟ್ಟಳೆಗಳಲ್ಲೇ, ಇನ್ನೂ ಎರಡು ಮಾತಿದೆ. ಒಬ್ಬ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ತಪ್ಪಿತಸ್ಥ ಅನ್ನಕೂಡದು, ಇಬ್ಬರು ಮೂವರು ಬೇಕು. ಸುಳ್ಳು ಸಾಕ್ಷಿ ಹೇಳಿದವನಿಗೆ, ಅವನು ಬೇರೆಯವರಿಗೆ ಏನು ಬಯಸಿದ್ದನೋ ಅದೇ ಶಿಕ್ಷೆ. ಅದನ್ನೂ ಓದಲಾ?” ಪಾದ್ರಿ ಸುತ್ತ ನೋಡಿದರು. “ಅತ್ತೆ ಬೊಂಬೆ ಇಟ್ಟದ್ದನ್ನ ಕಂಡವರು ಯಾರಾದ್ರೂ ಇದ್ದೀರಾ? ಒಬ್ಬರು?”

ಒಂದು ಕೈಯೂ ಮೇಲೇಳಲಿಲ್ಲ.

“ಪ್ರಭುವಿನ ಶಿಷ್ಯರ ಕಾಲದಲ್ಲಿ ಮಾಟ ಮಾಡ್ತಿದ್ದವರು ಒಂದು ದೊಡ್ಡ ಪಟ್ಟಣದ ತುಂಬ ಇದ್ರು. ಪಶ್ಚಾತ್ತಾಪ ಬಂದಾಗ ಅವರವರೇ ತಮ್ಮ ತಮ್ಮ ಪುಸ್ತಕ ತಂದು ಎಲ್ಲರೆದುರು ಸುಟ್ರು. ಅಲ್ಲಿ ಸುಟ್ಟದ್ದು ಪುಸ್ತಕ ಮೇಷ್ಟ್ರೇ. ಮನುಷ್ಯರನ್ನಲ್ಲ.”

“ಪ್ರಸಂಗ ಬೆಳಿಗ್ಗೆ ಕೇಳಿ ಆಯ್ತು,” ಮೇಷ್ಟ್ರ ದನಿ ಸೀಳಿತು. “ನನಗೆ ಉತ್ತರ ಬೇಕು. ನನ್ನ ಸೊಸೇನ ಕೊಂದದ್ದು ಯಾರು?”

“ಯಾರೂ ಅಲ್ಲ.” ಇನ್‌ಸ್ಪೆಕ್ಟರ್ ಮೇಜಿನ ತುದಿಗೆ ಬಂದಳು.

“ನೀನು ಸುಮ್ಮನಿರಮ್ಮ. ಇಪ್ಪತ್ತು ವರ್ಷದಿಂದ ಇಲ್ಲಿ ಮೊಣಕಾಲೂರದವಳು ನೀನು.”

“ಅದು ನಿಜ ಸರ್. ಆದ್ರೆ ಲೆಕ್ಕ ಮಾಡೋದನ್ನ ಕಲಿಸಿದವರು ನೀವೇ. ಸ್ವಲ್ಪ ಕೇಳಿ.” ಅವಳು ಆಸ್ಪತ್ರೆಯ ಎರಡು ಕಾಗದ ಬಿಡಿಸಿದಳು. “ಗಂಟೆ ಹೊಡೆಯುವವನಿಗೆ ಎದೆನೋವು ಬಂದದ್ದು ಬುಧವಾರ. ಬೊಂಬೆ ಸಿಕ್ಕಿದ್ದು ಭಾನುವಾರ. ನಿಮ್ಮ ಸೊಸೆಗೆ ಬಾಣಂತಿ ಜ್ವರ ಏರಿದ್ದು ಮಂಗಳವಾರ. ಬೊಂಬೆ ಸಿಕ್ಕಿದ್ದು ಭಾನುವಾರ. ಶನಿವಾರ ಕಸ ಗುಡಿಸೋವಾಗ ಎರಡು ಸಲವೂ ದಿಂಬಿನಡಿ ಏನೂ ಇರಲಿಲ್ಲ, ಗುಡಿಸೋರನ್ನ ಕೇಳಿದೀನಿ. ಬೊಂಬೆ ಬಂದದ್ದಕ್ಕೆ ಕಾಯಿಲೆ ಬರಲಿಲ್ಲ. ಕಾಯಿಲೆ ಬಂದ ಮೇಲೆ ಯಾರೋ ಬೊಂಬೆ ತಂದಿಟ್ರು.”

ಮೇಷ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ವಾರಗಳಿಂದ ಹಿಡಿದುಕೊಂಡಿದ್ದ ಹಗ್ಗವನ್ನು ಯಾರೋ ಕೈಯಿಂದ ಜಾರಿಸಿಬಿಟ್ಟ ಹಾಗಿತ್ತು ಅವರ ಮುಖ.

“ಹಾಗಾದ್ರೆ ಕಾಯಿಲೆ ಯಾರಿಗೆ ಅಂತ ಇಟ್ಟವರಿಗೆ ಹೇಗೆ ಗೊತ್ತಾಗ್ತಿತ್ತು?” ಬೇಕರಿಯವರು ಕೇಳಿದರು. ದಪ್ಪ ಮನುಷ್ಯ, ಹಣೆಯ ಬೆವರು ಒರೆಸುತ್ತಲೇ ಇದ್ದರು.

“ಇದರಿಂದ.” ಅವಳು ಒಂದು ಮಡಿಸಿದ ಚೀಟಿ ಮೇಜಿನ ಮೇಲಿಟ್ಟಳು. “ಪ್ರಾರ್ಥನೆಯ ಪಟ್ಟಿ. ಯಾರಿಗೆ ಹುಷಾರಿಲ್ಲವೋ ಅವರ ಹೆಸರು ಬರೆದು ಅಯ್ಯನವರು ಪ್ರತಿ ಶುಕ್ರವಾರ ಕಳಿಸ್ತಾರೆ. ಇಬ್ಬರ ಹೆಸರೂ ಆಯಾ ವಾರ ಇದರಲ್ಲಿತ್ತು. ಈ ಶುಕ್ರವಾರದ್ದರಲ್ಲಿ ಕೊನೇ ಸಾಲು ಯಾರದು ಅಯ್ಯನವರೇ?”

“ನಂದು.” ಪಾದ್ರಿ ತಲೆ ಬಗ್ಗಿಸಿ ಮೇಜು ನೋಡಿದರು. “ಶ್ವಾಸಕೋಶದಲ್ಲಿ ಏನೋ ನೆರಳು ಕಾಣ್ತಿದೆ ಅಂದ್ರು ಡಾಕ್ಟ್ರು. ನಾಳೆ ಇನ್ನೊಂದು ಪರೀಕ್ಷೆ. ಹೆದರಿಕೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಅದಕ್ಕೇ ನನ್ನನ್ನೂ ಸೇರಿಸಿ ಬರೆದೆ.”

“ಪಟ್ಟಿ ಎಷ್ಟು ಜನಕ್ಕೆ ಹೋಗುತ್ತೆ?”

“ಹಿರಿಯರಿಗೆ ಮಾತ್ರ. ಏಳು ಜನಕ್ಕೆ.”

ಮೇಜಿನ ಸುತ್ತ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯಲ್ಲಿ, ಮಣ್ಣಿನಲ್ಲಿ, ಮೂವತ್ತು ನಲವತ್ತು ವರ್ಷ ಹೆಗಲಿಗೆ ಹೆಗಲು ಕೊಟ್ಟವರು. ಪಕ್ಕದವರ ಕುರ್ಚಿಯಿಂದ ಎಲ್ಲರೂ ಒಂದಿಷ್ಟು ದೂರ ಸರಿದದ್ದು ಅವರಿಗೇ ಗೊತ್ತಾಗಲಿಲ್ಲ.

“ಏಳರಲ್ಲಿ ನಿಮ್ಮ ತಾಯಿನೂ ಒಬ್ಬರು,” ಬೇಕರಿಯವರು ಮೆಲ್ಲಗೆ ಕುಟುಕಿದರು.

“ಹೌದು. ಅಮ್ಮನೂ ಸೇರಿಯೇ ಏಳು.”

ದೊಡ್ಡಮ್ಮ ನಕ್ಕರು. “ಸರಿಯಾಗೇ ಹೇಳಿದ್ಲು. ಸಾಕಿದ್ದಕ್ಕೆ ಸಾರ್ಥಕ ಆಯ್ತು.”

ಆ ನಗುವಿಗೆ ಯಾರೂ ದನಿಗೂಡಿಸಲಿಲ್ಲ. ಪಾದ್ರಿ ಎದ್ದು ನಿಂತಿದ್ದರು. ಅವರ ಕೈ ಕುತ್ತಿಗೆಗೆ ಹೋಯಿತು. ಬಿಳಿ ಪಟ್ಟಿಯನ್ನು ಬಿಚ್ಚಿ, ಮಡಿಸಿ, ತೆರೆದಿದ್ದ ಸತ್ಯವೇದದ ಪಕ್ಕದಲ್ಲಿಟ್ಟರು.

“ಮಾಟಗಾರರನ್ನೆಲ್ಲ ದೇಶದಿಂದ ಓಡಿಸಿದ ರಾಜನೊಬ್ಬನ ಕತೆ ನಿಮಗೆಲ್ಲ ಗೊತ್ತು. ಕಷ್ಟ ಬಂದಾಗ ಅವನೇ ವೇಷ ಮರೆಸಿಕೊಂಡು ಅಂಥವಳೊಬ್ಬಳ ಬಾಗಿಲು ತಟ್ಟಿದ. ಆ ಕತೆಯನ್ನ ನಾನು ಪೀಠದ ಮೇಲೆ ನಿಂತು ಎಷ್ಟೋ ಸಲ ಹೇಳಿದೀನಿ. ಆ ರಾಜ ನಾನೇ ಅಂತ ಮಾತ್ರ ಹೇಳಲಿಲ್ಲ.”

“ಅಯ್ಯನವರೇ!” ಮೇಷ್ಟ್ರು ಅರ್ಧ ಎದ್ದರು.

“ಕೂತ್ಕೊಳ್ಳಿ. ಹೇಳಿ ಮುಗಿಸ್ತೀನಿ.” ಪಾದ್ರಿ ಕೈ ಎತ್ತಿ ಅವರನ್ನು ತಡೆದರು. “ಆರು ವರ್ಷದ ಹಿಂದೆ ಡಾಕ್ಟ್ರು ಕೈಚೆಲ್ಲಿದ್ರು. ನನ್ನ ಹೆಂಡತಿ ಮನೇಲಿ ಹಾಸಿಗೆ ಮೇಲೆ ದಿನಾ ಒಂದಿಷ್ಟು ಕಡಿಮೆ ಆಗ್ತಿದ್ಲು. ಇಟ್ಟಿಗೆ ಗೂಡಿನ ಆಚೆ ಮಾಟ ಮಾಡೋನೊಬ್ಬನಿದ್ದ. ಒಂದು ಮಧ್ಯಾಹ್ನ ಈ ಪಟ್ಟಿ ಬಿಚ್ಚಿ ಜೇಬಿಗೆ ಹಾಕ್ಕೊಂಡು ಅವನ ಹತ್ರ ಹೋದೆ. ಅವನು ನನ್ನ ತಲೆಯಿಂದ ಒಂದು ಎಸಳು ಕೂದಲು ಕತ್ತರಿಸಿದ. ಅವಳ ಶಾಲಿನಿಂದ ನಾನು ಎಳೆದುಕೊಂಡು ಹೋಗಿದ್ದ ನೀಲಿ ದಾರದಿಂದ ಸುತ್ತಿದ. ಅವಳ ದಿಂಬಿನಡಿ ಇಡು, ನಿನ್ನ ಆಯಸ್ಸು ಅವಳಿಗೆ ಹೋಗುತ್ತೆ ಅಂದ. ಇಟ್ಟೆ.”

ಬೆಂಚಿನ ಮೇಲೆ ಹೊಲಿಗೆಯತ್ತೆ ತಲೆಯೆತ್ತಿದಳು. ಕಾಣದ ಕಣ್ಣನ್ನು ದನಿ ಬಂದ ಕಡೆಗೆ ತಿರುಗಿಸಿದಳು.

“ಮೂರನೇ ದಿನ ಅವಳಿಗೇ ಸಿಕ್ತು. ಏನಿದು ಅಂದ್ಲು. ಹೇಳಿದೆ. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಮುಷ್ಟೀಲಿ ಇಟ್ಕೊಂಡು, ಇದು ನನ್ನ ಜೊತೇಲೇ ಹೋಗಲಿ, ನೀವು ಮತ್ತೆ ಪೀಠ ಹತ್ತಬೇಕು ಅಂದ್ಲು. ಅವಳನ್ನ ಪೆಟ್ಟಿಗೇಲಿ ಮಲಗಿಸಿದ ಮೇಲೆ ನಾನೇ ನನ್ನ ಕೈಯಾರೆ ಅದನ್ನ ಅವಳ ಅಂಗೈಯಲ್ಲಿಟ್ಟೆ.” ಪಾದ್ರಿ ಕಾಗದದ ಮೇಲಿನ ಬೊಂಬೆಯ ಕಡೆ ಬೆರಳು ಮಾಡಿದರು. “ಇವತ್ತು ನನ್ನ ಮೊಣಕಾಲಡಿ ಸಿಕ್ಕಿದ್ದು ಅದೇ ಕೂದಲು. ಅದೇ ದಾರ.”

ಬೇಕರಿಯವರ ಕೈಯಿಂದ ಕರವಸ್ತ್ರ ಜಾರಿ ನೆಲಕ್ಕೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ. ಕಿಟಕಿಯ ಬಳಿ ಕೂತಿದ್ದ ಹಿರಿಯರೊಬ್ಬರು ಕತ್ತು ತಿರುಗಿಸಿ ಹೊರಗಿನ ಸಮಾಧಿಗಳ ಕಡೆ ನೋಡಿದರು. ನೋಡಿದವರೇ ಕಿಟಕಿಯ ಬಾಗಿಲು ಹಾಕಿ ಚಿಲಕ ಸೇರಿಸಿಬಿಟ್ಟರು.

* * *

ಪಾದ್ರಿಯ ಹೆಂಡತಿಯ ಸಮಾಧಿಯ ಹತ್ತಿರ ಇನ್‌ಸ್ಪೆಕ್ಟರ್ ಒಬ್ಬಳೇ ಮಂಡಿಯೂರಿ ಕೂತು ನೋಡಿದಳು. ಹಿರಿಯರು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಪಾದ್ರಿ ಮಾತ್ರ ಜೊತೆಗೆ ಬಂದಿದ್ದರು.

ಕಲ್ಲಿನ ಹಲಗೆ ಅಲುಗಿರಲಿಲ್ಲ. ಪಕ್ಕದ ಮರದ ಒಂದು ಬೇರು ಕಲ್ಲಿನ ಅಂಚನ್ನು ತಬ್ಬಿಕೊಂಡು ಆ ಬದಿಯಿಂದ ಈ ಬದಿಗೆ ಹಾದಿತ್ತು. ಬೆರಳಿನಷ್ಟು ದಪ್ಪ, ಎಲ್ಲೂ ಕಡಿದಿರಲಿಲ್ಲ. ಅದನ್ನು ಮುರಿಯದೆ ಕಲ್ಲನ್ನು ಎತ್ತಲು ಸಾಧ್ಯವೇ ಇರಲಿಲ್ಲ. ಅವಳು ಬೇರಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಒಂದು ಕ್ಷಣ, ಕಲ್ಲಿನ ಕೆಳಗಿನಿಂದ ಯಾರೋ ಅಂಗೈ ಬಿಚ್ಚಿ ಚಾಚಿದ್ದಾರೆ, ಅದರಲ್ಲಿ ಏನೂ ಇಲ್ಲ, ಅನ್ನಿಸಿ ಕೈ ಹಿಂದಕ್ಕೆಳೆದುಕೊಂಡಳು.

“ಯಾರೂ ತೆಗೆದಿಲ್ಲ ಇದನ್ನ,” ಎದ್ದು ನಿಂತು ಹೇಳಿದಳು. “ಅಂದ್ರೆ ಆ ಕೂದಲಿನ ಗಂಟು ಮಣ್ಣಿಗೇ ಹೋಗಿಲ್ಲ. ಪೆಟ್ಟಿಗೆ ಮುಚ್ಚೋ ಮುಂಚೆ ಯಾರೋ ತೆಗೆದಿದ್ದಾರೆ.”

“ನಾನು ಅಂಗೈಲಿಟ್ಟು ಹೊರಗೆ ಬಂದೆ. ಆಮೇಲೆ...” ಪಾದ್ರಿ ಅಲ್ಲಿಗೇ ನಿಲ್ಲಿಸಿದರು. ಮುಂದಿನ ಮಾತು ಯಾರ ಕತ್ತಿಗೆ ಬೀಳುತ್ತದೆಂದು ಅವರಿಗೆ ಆ ಗಳಿಗೆಯಲ್ಲಿ ಹೊಳೆದಿತ್ತು.

ಮೇಷ್ಟ್ರಿಗೂ ಹೊಳೆದಿತ್ತು. “ಆಮೇಲೆ ಒಳಗೆ ಹೋದವಳು ಹೊಲಿಗೆಯತ್ತೆ! ಹೊದಿಕೆ ಹೊಲಿದವಳು ಅವಳು, ಕೈ ಜೋಡಿಸಿದವಳು ಅವಳು. ಬೇರೆ ಯಾರು ತೆಗೀತಾರೆ? ಅಯ್ಯನವರೇ, ಅವಳನ್ನ ಉಳಿಸೋಕೆ ಹೋಗಿ ನೀವೇ ಸಾಕ್ಷಿ ಹೇಳಿದ್ರಲ್ಲ!”

ಅಂಗಳದ ಜನಕ್ಕೆ ಈ ಕೂಗು ಕೇಳಿಸಿತು. ಗುಂಪು ಒಂದೇ ದೇಹದ ಹಾಗೆ ಮುಂದಕ್ಕೆ ಬಂತು. ಮುಂದಿದ್ದವರ ಕೈಯಲ್ಲಿ ಏನಿದೆ ಎಂದು ನೋಡುವಷ್ಟು ಹೊತ್ತು ಇನ್‌ಸ್ಪೆಕ್ಟರಿಗೆ ಸಿಗಲಿಲ್ಲ. ಅವಳು ಓಡಿ ಬಾಗಿಲಿಗೆ ಅಡ್ಡ ನಿಂತಳು.

ಅವಳಿಗಿಂತ ಮುಂಚೆ ಪಾದ್ರಿ ಅಲ್ಲಿದ್ದರು. ಕುತ್ತಿಗೆಗೆ ಪಟ್ಟಿಯಿಲ್ಲದ ಅವರನ್ನು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಮಾಟದ ಬಾಗಿಲಿಗೆ ಹೋದವನು ನಾನು!” ಎಂದು ಕೂಗಿದರು. “ಅದನ್ನ ನನ್ನ ಬಾಯಿಂದಲೇ ಒಪ್ಪಿಕೊಂಡಿದೀನಿ. ಒಪ್ಪಿಕೊಂಡವನು ಇನ್ನೊಬ್ಬ ಈ ಅಂಗಳದಲ್ಲಿಲ್ಲ. ಕಲ್ಲು ಹೊಡೀಲೇಬೇಕು ಅನ್ನೋರು ನನ್ನಿಂದ ಶುರು ಮಾಡಿ. ಅತ್ತೆಯ ಸರದಿ ಆಮೇಲೆ.”

ಮುಂದಿದ್ದ ಒಬ್ಬ ಹೆಂಗಸು ಅಳತೊಡಗಿದಳು. ಒಬ್ಬ ಗಂಡಸು ಕೈ ಬೆನ್ನ ಹಿಂದೆ ಮಾಡಿಕೊಂಡ. ಗುಂಪು ಹಿಂದೆ ಹೋಗಲಿಲ್ಲ, ಮುಂದೆಯೂ ಬರಲಿಲ್ಲ.

ಆಗ ದೊಡ್ಡಮ್ಮ ಮೆಟ್ಟಿಲಿಳಿದು ಬಂದರು. ಅವರು ದನಿ ಏರಿಸುವುದೇ ಇಲ್ಲ. ಅದಕ್ಕೇ ಎಲ್ಲರೂ ಸುಮ್ಮನಾಗಿ ಕೇಳಬೇಕಾಗುತ್ತಿತ್ತು.

“ಇವತ್ತೇ ಎಲ್ಲಾ ತೀರ್ಮಾನ ಆಗಬೇಕು ಅಂತ ಏನಿದೆ? ಅಯ್ಯನವರಿಗೂ ಮೈ ಸರಿಯಿಲ್ಲ. ವಿಚಾರಣೆ ಮುಗಿಯೋ ತನಕ ಅತ್ತೆ ನನ್ನ ಮನೇಲಿರಲಿ. ಮನೇಲಿ ಪೊಲೀಸೇ ಇದ್ದಾಳೆ. ಓಡಿ ಹೋಗ್ತಾಳೆ ಅನ್ನೋ ಭಯ ನಿಮಗೂ ಬೇಡ, ಹೊಡೀತಾರೆ ಅನ್ನೋ ಭಯ ಅವಳಿಗೂ ಬೇಡ. ಏನಂತೀರಾ ಮೇಷ್ಟ್ರೇ?”

“ದೊಡ್ಡಮ್ಮನ ಮನೆ ಆದ್ರೆ ನನ್ನದೇನೂ ಇಲ್ಲ,” ಎಂದರು ಮೇಷ್ಟ್ರು.

ಒಬ್ಬೊಬ್ಬರಾಗಿ ಹಿರಿಯರೆಲ್ಲ ತಲೆಯಾಡಿಸಿದರು. ಅಂಗಳ ಸಡಿಲವಾಯಿತು. ಪಾದ್ರಿ ಮೆಟ್ಟಿಲ ಮೇಲೆ ಕುಸಿದು ಕೂತು, “ಮುಂದಿನ ಭಾನುವಾರದಿಂದ ಪೀಠಕ್ಕೆ ಬೇರೆಯವರನ್ನ ನೋಡ್ಕೊಳ್ಳಿ,” ಎಂದರು. ಮೇಷ್ಟ್ರು ಮಾತ್ರ ಹೋಗಿ ಅವರ ಪಕ್ಕದಲ್ಲಿ, ಒಂದು ಮೊಳ ಜಾಗ ಬಿಟ್ಟು, ಕೂತರು.

* * *

ಇನ್‌ಸ್ಪೆಕ್ಟರ್ ಒಳಗೆ ಹೋದಾಗ ಹೊಲಿಗೆಯತ್ತೆ ಬೆಂಚಿನಲ್ಲೇ ಇದ್ದಳು. ಅಮ್ಮ ಆಗಲೇ ಅವಳ ಚೀಲ ಎತ್ತಿಕೊಂಡು ಗೇಟಿನ ಕಡೆ ಹೋಗಿದ್ದರು.

“ಏಳಿ ಅತ್ತೆ. ನಮ್ಮನೆಗೆ ಹೋಗೋಣ.”

ಮುದುಕಿ ಏಳಲಿಲ್ಲ. ಇನ್‌ಸ್ಪೆಕ್ಟರಳ ಕೈ ಹಿಡಿದು ತನ್ನತ್ತ ಎಳೆದಳು.

“ಹತ್ರ ಬಾ ಮಗಳೇ. ಇನ್ನೂ ಹತ್ರ. ಯಾರಿದ್ದಾರೆ ಇಲ್ಲಿ?”

“ಯಾರೂ ಇಲ್ಲ. ಹೇಳಿ.”

“ಆ ಗಂಟು ತೆಗೆದವಳು ನಾನೇ.”

ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತಳು.

“ಅಯ್ಯನವರ ಹೆಂಡತಿಯ ಕೈ ಜೋಡಿಸೋಕೆ ಹೋದೆ. ಅಂಗೈಲಿ ಮೆತ್ತಗೆ ಏನೋ ಸಿಕ್ತು. ಕೂದಲು. ಆಗ ನನ್ನ ಕಣ್ಣು ಚೆನ್ನಾಗಿತ್ತು, ನೋಡಿದ ತಕ್ಷಣ ಗೊತ್ತಾಯ್ತು ಇದು ಎಂಥದ್ದು ಅಂತ. ಅಯ್ಯೋ, ದೇವರ ಮಗಳು, ಇದನ್ನ ಹಿಡ್ಕೊಂಡು ಮಣ್ಣಿಗೆ ಹೋಗೋದು ಬೇಡ ಅನ್ನಿಸ್ತು. ತೆಗೆದೆ. ತೆಗೆದ ಮೇಲೆ ಕೈಯಲ್ಲಿಟ್ಕೊಳ್ಳೋಕೆ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದವರ ಕೈಗೆ ಕೊಟ್ಟೆ. ಒಲೆಗೆ ಹಾಕಿ ಸುಟ್ಟುಬಿಡ್ತೀನಿ, ಯಾರಿಗೂ ಬಾಯಿಬಿಡಬೇಡ, ಅಯ್ಯನವರ ಮಾನ ಹೋಗುತ್ತೆ ಅಂದ್ರು. ಆರು ವರ್ಷ ಬಾಯಿಬಿಡಲಿಲ್ಲ. ಸುಟ್ಟು ಬೂದಿ ಆಗಿದೆ ಅಂತಾನೇ ಇದ್ದೆ. ಇವತ್ತು ಅಯ್ಯನವರು ಆ ದಾರದ ಬಣ್ಣ ಹೇಳಿದಾಗ...”

“ಯಾರ ಕೈಗೆ ಕೊಟ್ರಿ ಅತ್ತೆ?”

ಮುದುಕಿ ಅವಳ ಕೆನ್ನೆಯನ್ನು ತಡವಿದಳು, ಚಿಕ್ಕ ಹುಡುಗಿಯನ್ನು ಸಮಾಧಾನ ಮಾಡುವಂತೆ. “ಕೇಳಬೇಡ ಮಗಳೇ. ನಿನಗೆ ತಡೆಯೋಕಾಗಲ್ಲ.”

“ಹೇಳಿ.”

“ನಿನ್ನ ಅಮ್ಮನ ಕೈಗೆ.”

ಇನ್‌ಸ್ಪೆಕ್ಟರಿಗೆ ನಂಬಲಾಗಲಿಲ್ಲ. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ನಕ್ಕುಬಿಡುತ್ತಿದ್ದಳು. ಒಲೆಗೆ ಹಾಕುವ ಮೊದಲು ಯಾರಾದರೂ ಕದ್ದಿರಬಹುದು, ಅಮ್ಮ ಎಲ್ಲೋ ಇಟ್ಟು ಮರೆತಿರಬಹುದು, ಮುದುಕಿಗೇ ನೆನಪು ತಪ್ಪಿರಬಹುದು. ಒಂದೊಂದೇ ದಾರಿ ಹುಡುಕಿದಳು. ಯಾವುದೂ ಹೆಚ್ಚು ದೂರ ಹೋಗಲಿಲ್ಲ.

“ಬರ್ತಿದೀರಾ ಇಲ್ವಾ?”

ಅಮ್ಮ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ. ಹೊರಗಿನ ಬೆಳಕು ಬೆನ್ನಿಗಿದ್ದದ್ದರಿಂದ ಮುಖ ಕಾಣುತ್ತಿರಲಿಲ್ಲ.

ಹೊಲಿಗೆಯತ್ತೆ ಇನ್‌ಸ್ಪೆಕ್ಟರಳ ತೋಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಅತ್ತೆ ಸ್ವಲ್ಪ ಹೆದರಿದ್ದಾರಮ್ಮ,” ಇನ್‌ಸ್ಪೆಕ್ಟರ್ ಹೇಗೋ ಹೇಳಿದಳು. “ಇವತ್ತೊಂದು ದಿನ ಇಲ್ಲೇ ಇರಲಿ. ನಮ್ಮನೇಲಿ ಜಾಗ ಮಾಡಬೇಕು, ಹಾಸಿಗೆ ಇಲ್ಲ, ಏನಿಲ್ಲ...”

“ಅದರ ಯೋಚನೆ ನಿನಗೆ ಬೇಡ,” ಎಂದರು ಅಮ್ಮ, ಎಂದಿನ ಅದೇ ಮೆಲುದನಿಯಲ್ಲಿ. “ಅವಳ ಕೋಣೆ ನಾನು ಮೊನ್ನೇನೇ ಸಿದ್ಧ ಮಾಡಿಟ್ಟಿದೀನಿ.”